ತೊಳೆಯಲು ಪಾತ್ರೆ ಎಲ್ಲಿ ಉಳಿದಿದೆ?

1649ರ ಏಪ್ರಿಲ್ ತಿಂಗಳ ಕೊನೆಯ ವಾರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಪಾರ್ಲಿಮೆಂಟಿನ ಕಾಮನ್ಸ್ ಸಭೆಯ ಬಾಗಿಲಿಗೆ ನೂರಾರು ಹೆಂಗಸರು ಬಂದು ನಿಂತಿದ್ದಾರೆ. ಬಟ್ಟೆಯ ಮೇಲೆ ಕಡಲಹಸಿರು ಬಣ್ಣದ ರಿಬ್ಬನ್ನು, ಕೈಯಲ್ಲಿ ಒಂದು ಅರ್ಜಿ. ಹತ್ತು ಸಾವಿರ ಹೆಂಗಸರು ಅದಕ್ಕೆ ರುಜು ಹಾಕಿದ್ದಾರೆ ಎಂಬುದು ಅವರ ಮಾತು. ಮೊದಲ ದಿನ ಸೈನಿಕರು ಪಿಸ್ತೂಲು ತೋರಿಸಿ ಹಿಂದಕ್ಕೆ ಅಟ್ಟಿದರು. ಮಾರನೆಯ ದಿನವೂ ಬಂದರು. ಅದರ ಮಾರನೆಯ ದಿನವೂ ಬಂದರು. ಕೊನೆಗೆ 25ನೇ ತಾರೀಕು ಸಭೆಯ ಸಾರ್ಜೆಂಟ್ ಹೊರಗೆ ಬಂದು ಉತ್ತರ ಹೇಳಿದ: ನೀವು ಕೇಳುತ್ತಿರುವ ವಿಷಯ ನಿಮ್ಮ ತಿಳಿವಳಿಕೆಗೆ ಮೀರಿದ್ದು, ಅದಕ್ಕೆ ನಿಮ್ಮ ಗಂಡಂದಿರಿಗೆ ಉತ್ತರ ಕೊಟ್ಟಾಗಿದೆ, ನೀವು ಮನೆಗೆ ಹೋಗಿ ಮನೆಗೆಲಸ ನೋಡಿಕೊಳ್ಳಿ.

ಆ ದಿನಗಳ ಸುದ್ದಿಹಾಳೆಗಳಲ್ಲಿ ಇನ್ನೊಂದು ಮಾತು ದಾಖಲಾಗಿದೆ. ಅರ್ಜಿ ಕೊಡುವುದು ಹೆಂಗಸರ ಕೆಲಸವಲ್ಲ, ಮನೆಯಲ್ಲಿ ಪಾತ್ರೆ ತೊಳೆದುಕೊಂಡಿರಲಿ ಎಂದು ಒಬ್ಬ ಸದಸ್ಯ ಹೇಳಿದನಂತೆ. ತೊಳೆಯಲು ಪಾತ್ರೆ ಎಲ್ಲಿ ಉಳಿದಿವೆ ಸ್ವಾಮಿ, ಉಳಿದ ನಾಲ್ಕೂ ನಮ್ಮ ಕೈಯಲ್ಲಿ ಇರುತ್ತವೆಂಬ ಭರವಸೆ ಇಲ್ಲ ಎಂದು ಒಬ್ಬ ಹೆಂಗಸು ತಿರುಗಿ ಹೇಳಿದಳಂತೆ. ಅವಳ ಹೆಸರು ನಮ್ಮವರೆಗೆ ಬಂದಿಲ್ಲ. ನನ್ನ ಮಟ್ಟಿಗೆ ಆ ಕಾಲದ ಇಂಗ್ಲೆಂಡಿನ ಅತಿ ದೊಡ್ಡ ರಾಜಕೀಯ ಭಾಷಣ ಅದೇ.

ಆ ಸಭೆ ಎಂಥದು ಎಂಬುದನ್ನು ಮರೆಯಬಾರದು. ಅದಕ್ಕೆ ಮೂರು ತಿಂಗಳ ಹಿಂದೆ, ಜನವರಿ 30ರಂದು, ದೊರೆ ಒಂದನೇ ಚಾರ್ಲ್ಸನ ತಲೆ ಉರುಳಿತ್ತು. ಜನವರಿ 4ರಂದು ಇದೇ ಕಾಮನ್ಸ್ ಸಭೆ ಒಂದು ನಿರ್ಣಯ ಮಾಡಿತ್ತು: ದೇವರ ಕೆಳಗೆ ಎಲ್ಲ ನ್ಯಾಯವಾದ ಅಧಿಕಾರದ ಮೂಲ ಪ್ರಜೆಗಳೇ ಎಂದು. ಆ ಶಾಯಿ ಆರುವ ಮೊದಲೇ ಆ ಪ್ರಜೆಗಳ ಅರ್ಧ ಭಾಗ ಬಾಗಿಲಿಗೆ ಬಂದಾಗ, ಮನೆಗೆ ಹೋಗಿ ಎಂದಿತು. ಜನರ ಹೆಸರಿನಲ್ಲಿ ದೊರೆಯ ಕತ್ತು ಕತ್ತರಿಸಬಹುದು, ಜನ ಮಾತ್ರ ಬಾಗಿಲ ಹತ್ತಿರ ಸುಳಿಯಬಾರದು. ಇದನ್ನು ಮೋಸ ಎನ್ನದೆ ನಾನು ಬೇರೆ ಪದ ಹುಡುಕುವುದಿಲ್ಲ.

ನಾನು ಹಳ್ಳಿಯವನು. ಹತ್ತನೇ ತರಗತಿ ಪಾಸಾದ ವರ್ಷದಿಂದ ನಮ್ಮ ಕೇರಿಯವರಿಗೆ ಅರ್ಜಿ ಬರೆದುಕೊಡುವುದು ನನ್ನ ಪಾಲಿಗೆ ಬಂತು. ಮೇಲೆ 'ಮಾನ್ಯರೇ' ಎಂದು ಬರೆಯಬೇಕು, ನಡುವೆ 'ತಮ್ಮಲ್ಲಿ ಕೈಮುಗಿದು ಪ್ರಾರ್ಥಿಸಿಕೊಳ್ಳುವುದೇನೆಂದರೆ' ಎನ್ನಬೇಕು, ಕೊನೆಯಲ್ಲಿ 'ಇತಿ ತಮ್ಮ ವಿಧೇಯ'. ನೀರಿನ ನಲ್ಲಿ ಕೇಳಲೂ ಇದೇ ಸಾಲು, ವಿಧವಾ ವೇತನ ಕೇಳಲೂ ಇದೇ ಸಾಲು. ಗಂಡ ಸತ್ತ ಒಬ್ಬ ಹೆಂಗಸಿನ ಅರ್ಜಿಯನ್ನು ನಾನು ಆರು ಸಲ ಬರೆದಿದ್ದೇನೆ. ಆರು ಸಲವೂ ಅವಳು ಯಾವುದೋ ಕಚೇರಿಯ ಬಾಗಿಲಲ್ಲಿ ನಿಂತು, ಮಗನನ್ನು ಕಳಿಸು, ನೀನು ಮನೆಗೆ ಹೋಗು ಎನ್ನಿಸಿಕೊಂಡು ಬಂದಳು. ಅವಳಿಗೆ ಮಗನಿರಲಿಲ್ಲ. ಲಂಡನ್ನಿನ ಆ ಬಾಗಿಲಿನ ಕಥೆ ಮೊದಲ ಬಾರಿ ಓದಿದಾಗ ನನಗೆ ಅದು ಪರದೇಶದ ಚರಿತ್ರೆ ಅನ್ನಿಸಲೇ ಇಲ್ಲ.

ಅರ್ಜಿ ಎಂದರೆ ಬಾಗಿದ ಬೆನ್ನು. ಇಂಗ್ಲೆಂಡಿನಲ್ಲೂ ಹಾಗೆಯೇ ಇತ್ತು. ಹಸಿದವನಾಗಲಿ ಸೆರೆಯಲ್ಲಿದ್ದವನಾಗಲಿ, ಮೇಲಿನವರ ಮುಂದೆ ದೀನನಾಗಿ ಬೇಡಿಕೊಳ್ಳಬೇಕು, ನಿಮ್ಮ ಆಯುಸ್ಸಿಗಾಗಿ ಸದಾ ದೇವರನ್ನು ಪ್ರಾರ್ಥಿಸುತ್ತೇನೆ ಎಂದು ಮುಗಿಸಬೇಕು. ಶತಮಾನಗಳ ಕಾಲ ಅದು ಒಬ್ಬೊಬ್ಬರ ಗೋಳಾಗಿತ್ತು. ಒಬ್ಬನಿಗೆ ಕರುಣೆ ತೋರಿಸುವುದು ಆಳುವವರಿಗೆ ಖುಷಿಯ ಕೆಲಸ, ಅದರಿಂದ ಅವರ ದೊಡ್ಡಸ್ತಿಕೆ ಹೆಚ್ಚುತ್ತದೆ. ಆದರೆ 1640ರ ಹೊತ್ತಿಗೆ ಲಂಡನ್ನಿನಲ್ಲಿ ಆ ಬಾಗಿದ ಬೆನ್ನುಗಳು ಒಟ್ಟಾಗಿ ನಿಂತವು. ಒಬ್ಬನ ಬಿನ್ನಹ ಹದಿನೈದು ಸಾವಿರ ಜನರ ಬೇಡಿಕೆಯಾದಾಗ ಅದರ ಒಕ್ಕಣೆ ದೈನ್ಯದ್ದೇ ಆಗಿದ್ದರೂ ಒಳಗಿನ ಅರ್ಥ ಬದಲಾಗಿಬಿಡುತ್ತದೆ. ಇದು ಬರೆದವರಿಗೂ ಗೊತ್ತಿತ್ತು, ಓದಿಸಿಕೊಂಡವರಿಗೂ ಗೊತ್ತಿತ್ತು.

1640ರ ಡಿಸೆಂಬರ್ 11ರಂದು ಲಂಡನ್ ನಾಗರಿಕರು ಬಿಷಪ್ಪರ ಆಡಳಿತವನ್ನು ಬೇರು ಕೊಂಬೆ ಸಮೇತ ಕಿತ್ತುಹಾಕಿ ಎಂದು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು. ಸುಮಾರು 15,000 ಸಹಿ. ಜೊತೆಯಲ್ಲಿ ನೂರಾರು ಜನ ತಮ್ಮಲ್ಲಿದ್ದ ಒಳ್ಳೆಯ ಬಟ್ಟೆ ಉಟ್ಟು ನಡೆದುಬಂದರು. ಒಳ್ಳೆಯ ಬಟ್ಟೆ ಏಕೆಂದರೆ, ಬೀದಿಯ ಪುಂಡರು ಎಂಬ ಬೈಗುಳ ಅವರಿಗಾಗಿ ಕಾದುಕೊಂಡಿತ್ತು. ಮರುವರ್ಷದ ವಸಂತದಲ್ಲಿ ದೊರೆಯ ಬಲಗೈ ಆಗಿದ್ದ ಸ್ಟ್ರಾಫರ್ಡ್ ಪ್ರಭುವಿಗೆ ಶಿಕ್ಷೆಯಾಗಲಿ ಎಂದು ಸುಮಾರು ಇಪ್ಪತ್ತು ಸಾವಿರ ಸಹಿಯ ಇನ್ನೊಂದು ಅರ್ಜಿ. 1641ರ ಮೇ 12ರಂದು ಅವನ ತಲೆ ಹೋಯಿತು. ಡಿಸೆಂಬರಿನಲ್ಲಿ ಕಸುಬು ಕಲಿಯುತ್ತಿದ್ದ ಹುಡುಗರ ಅರ್ಜಿ, ಅದಕ್ಕೆ ಮೂವತ್ತು ಸಾವಿರ ಕೈಗಳು ಎಂದು ಹೇಳಿಕೊಂಡರು. 1642ರ ಆರಂಭದಲ್ಲಿ ಲಂಡನ್ನಿನ ಹಮಾಲಿಗಳ ಅರ್ಜಿ! ಮೂಟೆ ಹೊರುವ ಹದಿನೈದು ಸಾವಿರ ಬಡ ಕೂಲಿಗಳು, ಈ ನಗರದ ಅತಿ ಕೆಳಗಿನ ಜನ ನಾವು ಎಂದು ತಮ್ಮನ್ನು ತಾವೇ ಕರೆದುಕೊಂಡು ದೇಶದ ಪಾರ್ಲಿಮೆಂಟಿಗೆ ಮಾತಾಡಿದರು. ಬೆನ್ನ ಮೇಲೆ ಮೂಟೆ ಇಲ್ಲದೆ ಆ ಬೀದಿಗಳಲ್ಲಿ ಅವರನ್ನು ಯಾರೂ ಕಂಡಿರಲಿಲ್ಲ.

ಆಗ ಪಾರ್ಲಿಮೆಂಟು ಏನು ಮಾಡಿತು? ಸ್ವಾಗತಿಸಿತು. ದೊರೆಯ ಮುಂದೆ ಗಟ್ಟಿಯಾಗಿ ನಿಲ್ಲಲು ಅದಕ್ಕೆ ಈ ಜನ ಬೇಕಿತ್ತು. 1642ರ ಫೆಬ್ರವರಿ 4ರಂದು ಲಂಡನ್ನಿನ ವ್ಯಾಪಾರಿಗಳ, ಕುಶಲಕರ್ಮಿಗಳ ಹೆಂಡಂದಿರು ಅರ್ಜಿ ತಂದರು. ಮುಂದಾಳು ಆನ್ ಸ್ಟ್ಯಾಗ್, ಬಿಯರ್ ಕಾಯಿಸುವವನ ಹೆಂಡತಿ. ಪಾರ್ಲಿಮೆಂಟಿನ ದೊಡ್ಡ ನಾಯಕ ಜಾನ್ ಪಿಮ್ ಸ್ವತಃ ಬಾಗಿಲಿಗೆ ಬಂದು ಮಾತಾಡಿದ. ಮೆತ್ತನೆಯ ಮಾತೇ ಆಡಿದ. ಸಕಾಲದಲ್ಲಿ ಬಂದಿದ್ದೀರಿ, ಈಗ ಮನೆಗೆ ಹೋಗಿ, ಈ ಅರ್ಜಿಯನ್ನು ಪ್ರಾರ್ಥನೆಯಾಗಿ ಮಾಡಿಕೊಂಡು ನಮಗಾಗಿ ದೇವರನ್ನು ಬೇಡಿ ಎಂದ. ಏಳು ವರ್ಷ ಆದಮೇಲೆ ಸಾರ್ಜೆಂಟ್ ಹೇಳಿದ್ದಕ್ಕೂ ಪಿಮ್ ಹೇಳಿದ್ದಕ್ಕೂ ದನಿಯಲ್ಲಿ ವ್ಯತ್ಯಾಸವಿದೆ, ತಿರುಳಿನಲ್ಲಿ ಇಲ್ಲ. ಮನೆಗೆ ಹೋಗಿ. ನಗುತ್ತಾ ಹೇಳಿದ ತಿರಸ್ಕಾರವನ್ನು ನಾನು ಬೈದು ಹೇಳಿದ್ದಕ್ಕಿಂತ ಕಡಿಮೆ ಎಂದು ಲೆಕ್ಕ ಹಾಕುವುದಿಲ್ಲ.

1643ರ ಆಗಸ್ಟ್ ಹೊತ್ತಿಗೆ ಅಂತರ್ಯುದ್ಧ ಶುರುವಾಗಿ ಒಂದು ವರ್ಷ. ಗಂಡಂದಿರು ಸತ್ತಿದ್ದಾರೆ, ವ್ಯಾಪಾರ ನಿಂತಿದೆ. ಸಾವಿರಾರು ಹೆಂಗಸರು ಬಿಳಿ ರಿಬ್ಬನ್ ಕಟ್ಟಿಕೊಂಡು, ಯುದ್ಧ ಸಾಕು, ಶಾಂತಿ ಮಾಡಿ ಎಂದು ಅರ್ಜಿ ಹಿಡಿದು ಬಂದರು. ಮಾರನೆಯ ದಿನ ಬಾಗಿಲು ಬಿಡದೆ ಕೂತರು. ಸೈನಿಕರು ಮೊದಲು ಬರೀ ಮದ್ದು ಹಾರಿಸಿದರು, ಆಮೇಲೆ ಗುಂಡು. ಕುದುರೆ ಸವಾರರು ಕತ್ತಿ ಹಿರಿದು ಗುಂಪಿನ ಮೇಲೆ ಹರಿದರು. ಸತ್ತವರುಂಟು, ಗಾಯಗೊಂಡವರು ಬಹಳ. ಹಿಂದಿನ ವರ್ಷ ಹೆಂಗಸರಿಗಾಗಿ ಬಾಗಿಲಿಗೆ ಬಂದಿದ್ದ ಸಭೆಯೇ ಇದು. ವ್ಯತ್ಯಾಸ ಇಷ್ಟೇ: ಆಗಿನ ಅರ್ಜಿ ಸಭೆಗೆ ಅನುಕೂಲವಾಗಿತ್ತು, ಇದು ಆಗಿರಲಿಲ್ಲ.

ಈಗ ಲೆವೆಲರ್‌ಗಳ ಮಾತಿಗೆ ಬರುತ್ತೇನೆ. ಎಲ್ಲರನ್ನೂ ನೆಲಸಮ ಮಾಡುವವರು ಎಂದು ಶತ್ರುಗಳು ಇಟ್ಟ ಅಡ್ಡಹೆಸರು ಅದು. ಜಾನ್ ಲಿಲ್‌ಬರ್ನ್, ಬಟ್ಟೆ ವ್ಯಾಪಾರಿಯ ಬಳಿ ಕೆಲಸ ಕಲಿತವನು. ನಿಷೇಧಿತ ಪುಸ್ತಕ ತರಿಸಿದನೆಂಬ ಆರೋಪಕ್ಕೆ 1638ರಲ್ಲಿ ಅವನನ್ನು ಗಾಡಿಯ ಹಿಂದೆ ಕಟ್ಟಿ, ಫ್ಲೀಟ್ ಸೆರೆಮನೆಯಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ ಬರಿ ಬೆನ್ನಿಗೆ ಚಾಟಿ ಬೀಸುತ್ತಾ ನಡೆಸಿದ್ದರು. ಅವನ ಜೊತೆಗೆ ವಿಲಿಯಂ ವಾಲ್ವಿನ್, ರಿಚರ್ಡ್ ಓವರ್ಟನ್, ಥಾಮಸ್ ಪ್ರಿನ್ಸ್. ಇವರ ಹಿಂದೆ ಲಂಡನ್ನಿನ ನೇಕಾರರು, ಚಪ್ಪಲಿ ಹೊಲಿಯುವವರು, ಮುದ್ರಣದವರು, ಅವರ ಹೆಂಡಂದಿರು. ಇವರು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚರಿತ್ರೆಯ ಪುಸ್ತಕಗಳು ಯುದ್ಧಗಳಿಗೆ ಕೊಡುವ ಪುಟಗಳನ್ನು ಇಂಥದಕ್ಕೆ ಕೊಡುವುದಿಲ್ಲ. ಹೆಂಡದಂಗಡಿಗಳಲ್ಲಿ ಸೇರುತ್ತಿದ್ದರು, 'ವೇಲ್‌ಬೋನ್' ಎಂಬ ಅಂಗಡಿ ಅವರ ಕೂಟದ ಜಾಗ. ಕರಡು ಮಾಡಿ ಅಚ್ಚಿಗೆ ಕೊಡುತ್ತಿದ್ದರು. ಅಚ್ಚಾದ ಹಾಳೆಗಳನ್ನು ವಾರ್ಡು ವಾರ್ಡಿಗೆ ಹಂಚಿ, ಓದಲು ಬಾರದವರಿಗೆ ಓದಿ ಹೇಳಿ ಸಹಿ ಪಡೆಯುತ್ತಿದ್ದರು. ರುಜು ಮಾಡಲು ಬಾರದವರು ಗುರುತು ಹಾಕುತ್ತಿದ್ದರು. ಖರ್ಚಿಗೆ ಬಿಡಿಗಾಸು ಕೂಡಿಸುತ್ತಿದ್ದರು. 1649ರ ಹೆಂಗಸರ ಅರ್ಜಿಯ ಅಚ್ಚಿನ ಹಾಳೆಯಲ್ಲೇ ಸೂಚನೆ ಇತ್ತು: ಒಪ್ಪುವ ಹೆಂಗಸರು ಸಹಿ ಹಾಕಿ ತಮ್ಮ ವಾರ್ಡಿಗೆ ನೇಮಕವಾದ ಹೆಂಗಸರ ಕೈಗೆ ಕೊಡಬೇಕು ಎಂದು. ವಾರ್ಡಿಗೊಬ್ಬಳು ಕಾರ್ಯಕರ್ತೆ! ವೋಟಿನ ಹಕ್ಕು ಕನಸಲ್ಲೂ ಇಲ್ಲದ ಹೆಂಗಸರು, 1649ರಲ್ಲಿ.

ಅರಸನ ಪಕ್ಷದ ಎಡ್ವರ್ಡ್ ಹೈಡ್, ಮುಂದೆ ಕ್ಲಾರೆಂಡನ್ ಪ್ರಭುವಾದವನು, ಆ ಕಾಲದ ಅರ್ಜಿಗಳ ಬಗ್ಗೆ ದೂರುತ್ತಾನೆ: ಮೆತ್ತಗಿನ ಅರ್ಜಿಗೆ ಸಹಿ ಪಡೆದು, ಸಹಿಯ ಹಾಳೆ ಕತ್ತರಿಸಿ, ಬೆಂಕಿಯಂಥ ಅರ್ಜಿಗೆ ಅಂಟಿಸುತ್ತಿದ್ದರು ಎಂದು. ಕೆಲವು ಕಡೆ ಹಾಗೆ ನಡೆದಿರಬಹುದು. ಆದರೆ ಬಡವನ ಸಹಿಯನ್ನು ಸಾವಿರ ಸಲ ಎಣಿಸಿ ಅನುಮಾನಿಸುವ ಜನ, ಹತ್ತು ಎಕರೆ ಜಮೀನುದಾರನ ಒಂದು ವೋಟು ಹೇಗೆ ಬಂತೆಂದು ಕೇಳಿದ್ದಾರೆಯೇ? ಕೌಂಟಿಗಳಲ್ಲಿ ವೋಟು ಹಾಕಲು ವರ್ಷಕ್ಕೆ ನಲವತ್ತು ಷಿಲ್ಲಿಂಗ್ ಹುಟ್ಟುವಳಿಯ ಭೂಮಿ ಇರಬೇಕಿತ್ತು. ಭೂಮಿ ಮಾತಾಡಿದರೆ ಅದು ಪಾರ್ಲಿಮೆಂಟು, ಮನುಷ್ಯ ಮಾತಾಡಿದರೆ ಅದು ಗಲಭೆ.

1647ರ ಮಾರ್ಚಿನಲ್ಲಿ ಲೆವೆಲರ್‌ಗಳು ಸಿದ್ಧಪಡಿಸಿದ್ದನ್ನು ದೊಡ್ಡ ಅರ್ಜಿ ಎಂದೇ ಕರೆಯುತ್ತಾರೆ. ಅದರಲ್ಲಿ ಕಾಮನ್ಸ್ ಸಭೆಯನ್ನೇ ದೇಶದ ಪರಮಾಧಿಕಾರ ಎಂದು ಸಂಬೋಧಿಸಿದ್ದರು. ಸಭೆಗೆ ಅದು ಸಣ್ಣ ಗೌರವವಲ್ಲ. ಕೇಳಿದ್ದೇನು? ಯಾರನ್ನೂ ಅವನ ವಿರುದ್ಧ ಅವನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು. ಚರ್ಚಿಗೆ ಕಡ್ಡಾಯ ದಶಾಂಶ ತೆರಿಗೆ ನಿಲ್ಲಬೇಕು. ಕೆಲವೇ ವರ್ತಕರ ಕೈಯಲ್ಲಿರುವ ಏಕಸ್ವಾಮ್ಯ ಹೋಗಬೇಕು. ಸಾಲಕ್ಕಾಗಿ ಸೆರೆಯಲ್ಲಿ ಕೊಳೆಯುವವರಿಗೆ ಬಿಡುಗಡೆ ಸಿಗಬೇಕು. ಗಂಡಸು, ಹೆಂಗಸು, ಮಕ್ಕಳು ಭಿಕ್ಷೆ ಬೇಡದಂತೆ ದೇಶ ನೋಡಿಕೊಳ್ಳಬೇಕು. ಇವತ್ತು ಓದಿದರೂ ಇದರಲ್ಲಿ ಅತಿರೇಕ ಎನ್ನುವಂಥ ಒಂದು ಸಾಲೂ ಸಿಗುವುದಿಲ್ಲ. ಸಭೆ ಅದನ್ನು ಓದಿ ಉತ್ತರಿಸಲಿಲ್ಲ. ಸಹಿ ಪಡೆಯುತ್ತಿದ್ದವರನ್ನು ಹಿಡಿಸಿತು. ಮೇ ತಿಂಗಳಲ್ಲಿ, ನೇಣು ಹಾಕುವವನ ಕೈಯಿಂದ ಅರ್ಜಿಯನ್ನು ಸುಡಿಸಬೇಕೆಂದು ಆಜ್ಞೆ ಮಾಡಿತು. ಕಳ್ಳನ ಕುತ್ತಿಗೆಗೆ ಹಗ್ಗ ಬಿಗಿಯುವ ಕೈ, ಜನರ ಮಾತಿಗೆ ಬೆಂಕಿ ಇಟ್ಟಿತು. ಈ ಅವಮಾನವನ್ನು ಯೋಚಿಸಿಯೇ ಆರಿಸಿಕೊಂಡಿದ್ದರು.

ಅವರು ಕೇಳಿದ ಇನ್ನೊಂದು ವಿಷಯ ಕನ್ನಡದ ಓದುಗರಿಗೆ ಬೇಗ ಅರ್ಥವಾಗುತ್ತದೆ. ಇಂಗ್ಲೆಂಡಿನ ನ್ಯಾಯಾಲಯಗಳ ಕಡತ ಲ್ಯಾಟಿನ್ನಿನಲ್ಲಿ, ವಕೀಲರ ವಿದ್ಯೆ ಹಳೆಯ ನಾರ್ಮನ್ ಫ್ರೆಂಚಿನಲ್ಲಿ. ನೇಣಿಗೆ ಹೋಗುವವನಿಗೆ ತನ್ನನ್ನು ಕೊಲ್ಲುವ ಕಾಗದ ಯಾವ ಮಾತಿನಲ್ಲಿದೆ ಎಂದು ತಿಳಿಯದು. ಕಾನೂನು ನಮ್ಮ ಭಾಷೆಯಲ್ಲಿರಲಿ ಎಂದು ಲೆವೆಲರ್‌ಗಳು ಮತ್ತೆ ಮತ್ತೆ ಕೇಳಿದರು. 1650ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಅರಸೊತ್ತಿಗೆ ಮರಳಿದಾಗ ಅದು ಬಿದ್ದುಹೋಯಿತು. ಇಂಗ್ಲೆಂಡಿನವನಿಗೆ ಇಂಗ್ಲಿಷಿನಲ್ಲಿ ನ್ಯಾಯ ಕೇಳಲು 1733ರವರೆಗೆ ಕಾಯಬೇಕಾಯಿತು. ತನ್ನ ಭಾಷೆಗಾಗಿ ಅಷ್ಟು ಅತ್ತ ನಾಡು ಆಮೇಲೆ ನಮ್ಮ ನ್ಯಾಯಾಲಯಗಳ ಬಾಯಿಗೆ ಅದೇ ಭಾಷೆಯನ್ನು ಬೀಗವಾಗಿ ಹಾಕಿತು. ಆ ಬೀಗದ ಕೀಲಿ ಇನ್ನೂ ಪೂರ್ತಿ ನಮ್ಮ ಕೈಗೆ ಬಂದಿಲ್ಲ.

1648ರ ಸೆಪ್ಟೆಂಬರ್ 11ರ ಅರ್ಜಿಗೆ ನಲವತ್ತು ಸಾವಿರ ಸಹಿ ಎಂದು ಹೇಳಿಕೊಂಡರು. ಡಿಸೆಂಬರಿನಲ್ಲಿ ಸೈನ್ಯ ಸಭೆಯನ್ನೇ ಸೋಸಿ, ತನಗೆ ಬೇಡದ ಸದಸ್ಯರನ್ನು ಹೊರಗಟ್ಟಿತು. ಉಳಿದವರೇ ದೊರೆಯನ್ನು ಕೊಂದರು. ದೊರೆ ಹೋದ, ಈಗ ನಮ್ಮ ಬೇಡಿಕೆ ಎಲ್ಲಿ ಎಂದು ಕೇಳಿದ ಲಿಲ್‌ಬರ್ನ್ ಮತ್ತು ಮೂವರು ಗೆಳೆಯರನ್ನು 1649ರ ಮಾರ್ಚ್ 28ರಂದು ಹಿಡಿದರು, ಲಂಡನ್ ಗೋಪುರದ ಸೆರೆಗೆ ಹಾಕಿದರು. ಅವರು ಬರೆದ ಹೊತ್ತಗೆಯ ಹೆಸರು 'ಇಂಗ್ಲೆಂಡಿನ ಹೊಸ ಸಂಕೋಲೆಗಳು'. ಸಂಕೋಲೆ ಹೊಸದು ಎಂದು ಹೇಳಿದ್ದೇ ಅಪರಾಧ. ಆ ನಾಲ್ವರನ್ನು ಬಿಡಿ ಎಂದೇ ಕಡಲಹಸಿರಿನ ಹೆಂಗಸರು ಬಾಗಿಲಿಗೆ ಬಂದದ್ದು. ಬೆಳೆ ಕೈಕೊಟ್ಟು ವರ್ಷಗಳಾಗಿದ್ದವು, ರೊಟ್ಟಿಯ ಬೆಲೆ ಏರಿತ್ತು, ಮಕ್ಕಳ ಹಸಿವನ್ನೂ ಅವರು ಅರ್ಜಿಯಲ್ಲಿ ಬರೆದಿದ್ದರು.

ಮನೆಗೆ ಹೋಗಿ ಎಂಬ ಮಾತು ಕೇಳಿಸಿಕೊಂಡು ಅವರು ಮನೆಗೆ ಹೋದರು, ಹೋಗಿ ಇನ್ನೊಂದು ಅರ್ಜಿ ಬರೆದರು. ಮೇ 5ರಂದು ಮತ್ತೆ ಬಂದರು. ಈ ಸಲ ಬೆನ್ನು ಬಾಗಿರಲಿಲ್ಲ. ದೇವರು ತನ್ನ ರೂಪದಲ್ಲಿ ನಮ್ಮನ್ನೂ ಸೃಷ್ಟಿಸಿದ್ದಾನೆ, ಈ ನಾಡಿನ ಸ್ವಾತಂತ್ರ್ಯದಲ್ಲಿ ಗಂಡಸರಿಗೆ ಎಷ್ಟು ಪಾಲೋ ನಮಗೂ ಅಷ್ಟೇ ಪಾಲು, ನಮ್ಮ ಮನೆಯಿಂದ ಸೈನಿಕರು ಜನರನ್ನು ಎಳೆದೊಯ್ಯುವಾಗ ನಾವು ಮನೆಯೊಳಗೆ ಕೂರಬೇಕೆ ಎಂಬುದು ಅದರ ಸಾರ. ಅರ್ಜಿ ಎಂಬ ದೀನ ರೂಪವನ್ನೇ ಹಿಡಿದು, ಅದರೊಳಗಿನಿಂದಲೇ ಅದನ್ನು ಮುರಿದ ಜನ ಇವರು. ನಮ್ಮ ಕೇರಿಯಲ್ಲಿ ಕೂತು 'ತಮ್ಮ ವಿಧೇಯ' ಎಂದು ಬರೆದ ನನ್ನ ಕೈಗೆ ಆ ಧೈರ್ಯ ಬರಲು ಬಹಳ ವರ್ಷ ಬೇಕಾಯಿತು.

ಇಲ್ಲಿ ಒಂದು ಕಹಿಯನ್ನು ಮುಚ್ಚಿಡಬಾರದು. ಇಷ್ಟು ಮಾಡಿದ ಹೆಂಗಸರಿಗೆ ಲೆವೆಲರ್‌ ಗಂಡಸರು ವೋಟು ಕೇಳಲಿಲ್ಲ. ದೇಶದ ಆಡಳಿತ ಹೇಗಿರಬೇಕೆಂದು ಅವರು ಬರೆದ 'ಜನತಾ ಒಪ್ಪಂದ'ದ 1649ರ ಕರಡಿನಲ್ಲಿ ಇಪ್ಪತ್ತೊಂದು ದಾಟಿದ ಗಂಡಸರಿಗೆ ವೋಟು, ಮನೆಯಾಳುಗಳಿಗೂ ಭಿಕ್ಷೆಯ ಮೇಲೆ ಬದುಕುವವರಿಗೂ ಇಲ್ಲ. ಸೆರೆಯಿಂದ ಬಿಡಿಸಲು ಹೆಂಡತಿ ಬೇಕು, ದೇಶ ಕಟ್ಟಲು ಬೇಡ. ಬಂಡಾಯದ ಮನೆಯಲ್ಲೂ ಒಂದು ಹಿತ್ತಲು ಬಾಗಿಲು ಇಟ್ಟು ಹೆಂಗಸನ್ನು ಅಲ್ಲಿಂದ ಬಾ ಎನ್ನುವ ಚಟ ಹಳೆಯದು. ನಮ್ಮ ಕೂಟಗಳಲ್ಲೂ ನಾನು ಅದನ್ನು ಕಂಡಿದ್ದೇನೆ.

ಲಿಲ್‌ಬರ್ನ್‌ನನ್ನು 1649ರ ಅಕ್ಟೋಬರಿನಲ್ಲಿ ರಾಜದ್ರೋಹದ ವಿಚಾರಣೆಗೆ ಎಳೆದರು, ಲಂಡನ್ನಿನ ಜ್ಯೂರಿ ಬಿಡುಗಡೆ ಮಾಡಿತು. 1653ರಲ್ಲಿ ಮತ್ತೆ ವಿಚಾರಣೆ, ಮತ್ತೆ ಬಿಡುಗಡೆ, ಆದರೂ ಸೆರೆಯಿಂದ ಬಿಡಲಿಲ್ಲ. ಆ ವರ್ಷವೂ ಹೆಂಗಸರು ಅರ್ಜಿ ತಂದಿದ್ದರು. ನೀವು ಹೆಂಗಸರು, ನಿಮ್ಮಲ್ಲಿ ಹಲವರು ಯಾರದೋ ಹೆಂಡಂದಿರು, ಕಾನೂನಿನ ಕಣ್ಣಿಗೆ ನೀವು ಕಾಣುವುದಿಲ್ಲ ಎಂಬ ಉತ್ತರ ಸಿಕ್ಕಿತು. ನಾವೆಲ್ಲರೂ ಹೆಂಡಂದಿರಲ್ಲ ಎಂದು ಅವರು ತಿರುಗಿ ಹೇಳಿದರು. 1657ರಲ್ಲಿ ಲಿಲ್‌ಬರ್ನ್ ಸತ್ತ. ನಲವತ್ತು ದಾಟಿ ಹೆಚ್ಚು ವರ್ಷ ಆಗಿರಲಿಲ್ಲ.

ಅರಸೊತ್ತಿಗೆ ಮರಳಿದ ಮರುವರ್ಷ, 1661ರಲ್ಲಿ, ಪಾರ್ಲಿಮೆಂಟು ಗದ್ದಲದ ಅರ್ಜಿಗಳ ವಿರುದ್ಧ ಒಂದು ಕಾಯ್ದೆ ಮಾಡಿತು. ಚರ್ಚು ಅಥವಾ ಸರ್ಕಾರದ ವ್ಯವಸ್ಥೆ ಬದಲಿಸಿ ಎಂದು ಕೇಳುವ ಅರ್ಜಿಗೆ ಇಪ್ಪತ್ತಕ್ಕಿಂತ ಹೆಚ್ಚು ಸಹಿ ಪಡೆಯಬೇಕಾದರೆ ಮೂವರು ನ್ಯಾಯಾಧಿಕಾರಿಗಳ ಒಪ್ಪಿಗೆ ಬೇಕು, ಲಂಡನ್ನಿನಲ್ಲಿ ಮೇಯರ್ ಮತ್ತು ಅವನ ಕೌನ್ಸಿಲಿನ ಒಪ್ಪಿಗೆ ಬೇಕು. ಕೊಡಲು ಹತ್ತು ಜನರಿಗಿಂತ ಹೆಚ್ಚು ಹೋಗಬಾರದು. ಮೀರಿದರೆ ನೂರು ಪೌಂಡ್ ದಂಡ, ಮೂರು ತಿಂಗಳ ಸೆರೆ. ಹತ್ತು ಸಾವಿರ ಹೆಂಗಸರು, ಹದಿನೈದು ಸಾವಿರ ಹಮಾಲಿಗಳು ಎಂಬ ಲೆಕ್ಕ ಆಳುವವರ ನಿದ್ದೆ ಎಷ್ಟು ಕೆಡಿಸಿತ್ತೆಂಬುದಕ್ಕೆ ಈ ಇಪ್ಪತ್ತು ಮತ್ತು ಹತ್ತು ಎಂಬ ಅಂಕಿಗಳೇ ಸಾಕ್ಷಿ.

ಶಾಲೆಯ ಪುಸ್ತಕ ಹೇಳುವುದು 1689ರ ಹಕ್ಕುಗಳ ಮಸೂದೆಯ ಬಗ್ಗೆ. ಪ್ರಜೆಗಳಿಗೆ ಅರ್ಜಿಯ ಹಕ್ಕು ಕೊಟ್ಟ ಮಹಾದಾಖಲೆ ಅದು ಎನ್ನುತ್ತದೆ. ಅದನ್ನು ಬಿಚ್ಚಿ ಓದಿ. ದೊರೆಗೆ ಅರ್ಜಿ ಕೊಡುವ ಹಕ್ಕು ಎಂದಿದೆ. ಅದರ ಹಿಂದಿದ್ದದ್ದು ಹಿಂದಿನ ವರ್ಷ ದೊರೆಗೆ ಅರ್ಜಿ ಕೊಟ್ಟು ವಿಚಾರಣೆಗೆ ಒಳಗಾದ ಏಳು ಬಿಷಪ್ಪರ ಕಥೆ. ಹದಿನೈದು ಸಾವಿರ ಲಂಡನ್ ಜನ ಬೇರು ಸಮೇತ ಕಿತ್ತುಹಾಕಿ ಎಂದಿದ್ದ ಆ ಬಿಷಪ್ಪರೇ ಕೊನೆಗೆ ಅರ್ಜಿಯ ಹಕ್ಕಿನ ವೀರರಾದರು. ಹನ್ನೆರಡು ವರ್ಷದ ನಂತರ, 1701ರ ಮೇ 8ರಂದು, ಕೆಂಟ್ ಪ್ರಾಂತ್ಯದ ಐವರು ಕಾಮನ್ಸ್ ಸಭೆಗೆ ಅರ್ಜಿ ಕೊಟ್ಟಾಗ ಆ ಹಕ್ಕು ಎಲ್ಲಿತ್ತು? ಐವರೂ ಜಮೀನಿದ್ದ ಮರ್ಯಾದಸ್ಥರು. ಸಭೆ ಅವರನ್ನೂ ಸೆರೆಗೆ ಹಾಕಿತು. ಜನರು ನಿಮ್ಮ ಒಡೆಯರು, ಆಳುಗಳಲ್ಲ ಎಂದು ಬರಹಗಾರ ಡೇನಿಯಲ್ ಡಿಫೋ ಆ ಸಭೆಗೇ ಕಟುವಾಗಿ ಬರೆದುಕೊಟ್ಟ.

ಗುಂಪು ಯಾವಾಗಲೂ ಸರಿ ಎಂದು ನಾನು ಹೇಳುವುದಿಲ್ಲ. 1780ರ ಜೂನಿನಲ್ಲಿ ಜಾರ್ಜ್ ಗಾರ್ಡನ್ ಪ್ರಭು ಕ್ಯಾಥೊಲಿಕರ ವಿರುದ್ಧ ನಲವತ್ತು ಸಾವಿರಕ್ಕೂ ಹೆಚ್ಚು ಸಹಿಯ ಅರ್ಜಿ ಹೊತ್ತು ಲಂಡನ್ ಬೀದಿಗಳಲ್ಲಿ ಜನರನ್ನು ನಡೆಸಿದ. ಮನೆಗಳು ಉರಿದವು, ನೂರಾರು ಜನ ಸತ್ತರು. ಪಕ್ಕದ ಮನೆಯವನ ದೇವರ ಮೇಲೆ ವಿಷ ಕಾರುವ ಅರ್ಜಿ ಬಂಡಾಯವಲ್ಲ. ಆದರೆ ಗಾರ್ಡನ್ ಒಬ್ಬ ಪ್ರಭು, ಪಾರ್ಲಿಮೆಂಟಿನ ಸದಸ್ಯ ಎಂಬುದನ್ನೂ ನೆನಪಿಡಬೇಕು. ಆ ಬೆಂಕಿ ತೋರಿಸಿ ಹಮಾಲಿಗಳ ಅರ್ಜಿಗೆ ಬೀಗ ಹಾಕುವವರನ್ನು ನಾನು ನಂಬುವುದಿಲ್ಲ.

ಓದುಗರಲ್ಲಿ ಒಂದು ಮಾತು. ಪಾರ್ಲಿಮೆಂಟಿನ ಚರಿತ್ರೆ ಎಂದು ಯಾರಾದರೂ ದೊರೆ, ಪ್ರಭು, ಸೇನಾಪತಿಗಳ ಹೆಸರು ಹೇಳಿದರೆ, ಬಿಯರ್ ಕಾಯಿಸುವವನ ಹೆಂಡತಿ ಆನ್ ಸ್ಟ್ಯಾಗ್ ಎಲ್ಲಿ, ಹದಿನೈದು ಸಾವಿರ ಹಮಾಲಿಗಳು ಎಲ್ಲಿ ಎಂದು ಕೇಳಿ. ಅವರ ಬಾಯಿ ಮುಚ್ಚಿಸಲು ತಂದ 1661ರ ಆ ಕಾಯ್ದೆಯನ್ನು ಬ್ರಿಟನ್ 1986ರಲ್ಲಿ ರದ್ದು ಮಾಡಿತು. ಅಷ್ಟು ಹೊತ್ತಿಗೆ ಮುನ್ನೂರ ಇಪ್ಪತ್ತೈದು ವರ್ಷ ಆಗಿತ್ತು.